ರಫ್ ಸೆಟ್ ಹಾಕಿದರೆ ಎತ್ತರ, ಮಳೆ ಎರಡೇ ಉಳಿಯುತ್ತಿವೆ. ನೆರಳು ಎಲ್ಲಿ ಹೋಯಿತು?

ಮಾದಾಪುರ_ಕಾಫಿ

ಎಲ್ಲರಿಗೂ ನಮಸ್ಕಾರ. ನಾನು ಎಂಸಿಎ ಕೊನೆಯ ವರ್ಷದಲ್ಲಿದ್ದೇನೆ, ಮನೆ ಕೊಡಗಿನ ಮಾದಾಪುರದ ಹತ್ತಿರ. ನಮ್ಮದು ಅರೇಬಿಕಾ ತೋಟ. ಪ್ರಾಜೆಕ್ಟ್‌ಗೆ ನನ್ನ ಕ್ಲಾಸಿನವರೆಲ್ಲ ಇಂಟರ್ನೆಟ್ಟಿನಿಂದ ಡೇಟಾ ಇಳಿಸಿಕೊಂಡರು. ನನಗೆ ಮನೆಯ ಅಟ್ಟದಲ್ಲಿದ್ದ ರಿಜಿಸ್ಟರ್‌ಗಳ ಮೇಲೇ ಮನಸ್ಸು. ಅರ್ಧ ಅಜ್ಜ ಬರೆದಿಟ್ಟದ್ದು, ಅರ್ಧ ನಮ್ಮ ರೈಟರ್ (ತೋಟದ ಲೆಕ್ಕ ಬರೆಯುವವರು) ಬರೆದದ್ದು. 9 ಬ್ಲಾಕ್, 2017ರಿಂದ 2023ರವರೆಗೆ 7 ವರ್ಷ, ಒಟ್ಟು 63 ಸಾಲು. ಎಲ್ಲವನ್ನೂ ಕೂತು ಟೈಪ್ ಮಾಡೋಕೆ ಒಂದು ತಿಂಗಳು ಹಿಡಿಯಿತು.

ಒಟ್ಟು 12 ಕಾಲಂ ಇವೆ. ಬ್ಲಾಕಿನ ಎತ್ತರ ಎಷ್ಟು ಅಡಿ, ಇಳಿಜಾರು ಯಾವ ದಿಕ್ಕಿಗೆ, ನೆರಳು ದಟ್ಟವೋ ತೆಳುವೋ, ತಳಿ (ನಮ್ಮಲ್ಲಿ ಸೆಲೆಕ್ಷನ್ 795 ಮತ್ತು ಚಂದ್ರಗಿರಿ), ಗಿಡದ ವಯಸ್ಸು, ಹೂಮಳೆ (ಕಾಫಿ ಹೂ ಬಿಡಿಸುವ ಬೇಸಿಗೆ ಮಳೆ) ಎಷ್ಟು ಇಂಚು, ವರ್ಷದ ಒಟ್ಟು ಮಳೆ, ಟ್ರೇಸಿಂಗ್ (ಬೋರರ್ ಬಿದ್ದ ಗಿಡ ಹುಡುಕಿ ಕೀಳುವುದು) ಸಮಯಕ್ಕೆ ಆಯಿತೋ ತಡವಾಯಿತೋ, ಸುಣ್ಣ ಹೊಡೆದದ್ದು, ಕಾಂಡ ಉಜ್ಜಿದ್ದು, ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಆದ ವರ್ಷವೋ ಅಲ್ಲವೋ, ಗೊಬ್ಬರ ಎಷ್ಟು ಸಲ. ಕೊನೆಗೆ ಉತ್ತರದ ಕಾಲಂ: ಆ ವರ್ಷ ಆ ಬ್ಲಾಕಿನಲ್ಲಿ ಬಿಳಿ ಕಾಂಡಕೊರಕ (ಬೋರರ್, ಕಾಫಿ ಕಾಂಡ ಕೊರೆಯುವ ದುಂಬಿ) ಜಾಸ್ತಿಯೋ ಕಮ್ಮಿಯೋ.

ಈ 12ರಲ್ಲಿ ನಿಜವಾಗಿ ಬೇಕಾದ ಕಾಲಂ ಯಾವುವು ಅಂತ ರಫ್ ಸೆಟ್ ವಿಧಾನದಿಂದ ಆರಿಸಬೇಕು. ಪೈಥಾನ್‌ನಲ್ಲಿ ನಾನೇ ಬರೆದೆ. ಬಂದ ರಿಡಕ್ಟ್‌ನಲ್ಲಿ (ಎಲ್ಲ ಕಾಲಂ ಮಾಡುವ ಕೆಲಸವನ್ನು ತಾನೇ ಮಾಡುವ ಚಿಕ್ಕ ಗುಂಪು) ಎರಡೇ ಕಾಲಂ: ಎತ್ತರ ಮತ್ತು ವರ್ಷದ ಮಳೆ. ಅವಲಂಬನೆಯ ಪ್ರಮಾಣ ಸರಿಯಾಗಿ 1, ಅಂದರೆ ಆ ಎರಡರಿಂದಲೇ ಎಲ್ಲ ಸಾಲಿನ ಉತ್ತರವನ್ನೂ ಹೇಳಬಹುದು. ಕಾಲೇಜಿನಲ್ಲಿ ತೋರಿಸಿದೆ, 1 ಬಂದರೆ ಇನ್ನೇನು ಬೇಕು, ಬರೆದು ಮುಗಿಸು ಅಂದರು.

ಅಜ್ಜನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, "ನೆರಳು ಎಲ್ಲಿ ಮಗಾ? ಬೋರರ್ ಬರೋದೇ ಬಿಸಿಲಿಗೆ. ನೆರಳು ಬಿಟ್ಟು ಏನು ಲೆಕ್ಕ ಹಾಕಿದೆ?" ಅಂದರು. ಅಂದಿನಿಂದ ನನಗೆ ನಿದ್ದೆ ಬರುತ್ತಿಲ್ಲ. ಅಜ್ಜ 40 ವರ್ಷದಿಂದ ಆ ಗಿಡಗಳ ಮಧ್ಯೆ ಓಡಾಡಿದವರು, ಅವರ ಮಾತು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಕೋಡಿನಲ್ಲೂ ತಪ್ಪು ಸಿಗುತ್ತಿಲ್ಲ. ಎಲ್ಲಿ ಎಡವಿದ್ದೇನೆ, ಗೊತ್ತಿರುವವರು ದಯವಿಟ್ಟು ಹೇಳಿ.

ವಿರಾಜಪೇಟೆ_ಬೆಂಗಳೂರು

ನಿಮ್ಮ ಕೋಡ್ ಸರಿಯಾಗಿಯೇ ಇದೆ. ಅಜ್ಜನೂ ಸರಿ. ತಪ್ಪು ಇರುವುದು ಆ ಎರಡು ಕಾಲಂನಲ್ಲಿ.

ಒಂದು ಪ್ರಶ್ನೆ. ಮಳೆ ಅಳೆಯುವ ಡಬ್ಬ ತೋಟಕ್ಕೆಲ್ಲ ಒಂದೇ ತಾನೇ, ಮನೆ ಮುಂದೆ ಇಟ್ಟದ್ದು? ಹಾಗಿದ್ದರೆ ಒಂದು ವರ್ಷಕ್ಕೆ ಒಂದೇ ಅಂಕಿ, 9 ಬ್ಲಾಕಿಗೂ ಅದೇ. ಏಳು ವರ್ಷಕ್ಕೆ ಏಳು ಬೇರೆ ಬೇರೆ ಅಂಕಿ. ಅಂದರೆ ನಿಮ್ಮ ಫೈಲಿನಲ್ಲಿ 'ವರ್ಷದ ಮಳೆ' ಅಂದರೆ ಮಳೆಯೇ ಅಲ್ಲ, ಅದು ವರ್ಷದ ಹೆಸರು. ಎತ್ತರವೂ ಅಷ್ಟೆ. ಒಂದು ಬ್ಲಾಕ್ 3,120 ಅಡಿ, ಇನ್ನೊಂದು 3,165 ಅಡಿ, 9 ಬ್ಲಾಕಿಗೆ 9 ಅಂಕಿ. ಅದು ಬ್ಲಾಕಿನ ಹೆಸರು. ಬ್ಲಾಕಿನ ಹೆಸರು, ವರ್ಷದ ಹೆಸರು ಎರಡೂ ಸೇರಿದರೆ 63 ಸಾಲಿಗೂ ಒಂದೊಂದು ಗುರುತಿನ ಚೀಟಿ ಸಿಕ್ಕ ಹಾಗೆ. ಆಮೇಲೆ ಅವಲಂಬನೆ 1 ಬರದೆ ಇನ್ನೇನು ಬರುತ್ತದೆ? ಆ ಎರಡರ ಬದಲು ಸುಮ್ನೆ ಕ್ರಮಸಂಖ್ಯೆಯ ಕಾಲಂ ಒಂದನ್ನೇ ಕೊಟ್ಟಿದ್ದರೂ 1 ಬರುತ್ತಿತ್ತು.

ಈ ವಿಧಾನದ ಬುಡದಲ್ಲಿರುವ ವಿಚಾರ ನೋಡಿ. ಪೋಲೆಂಡಿನ ಜ್ದಿಸ್ವಾಫ್ ಪಾವ್ಲಾಕ್ 1982ರಲ್ಲಿ ಇದನ್ನು ಮುಂದಿಟ್ಟಾಗ ಅವರು ಹಿಡಿದುಕೊಂಡದ್ದು ಒಂದೇ ಎಳೆ: ನಮ್ಮ ಕೈಯಲ್ಲಿರುವ ಕಾಲಂಗಳಿಂದ ನೋಡಿದರೆ ಯಾವ ಯಾವ ಸಾಲುಗಳನ್ನು ಬೇರೆ ಬೇರೆ ಅಂತ ಹೇಳಲು ಆಗುವುದಿಲ್ಲ? ಹಾಗೆ ಒಂದೇ ಥರ ಕಾಣುವ ಸಾಲುಗಳೆಲ್ಲ ಒಂದು ಗುಂಪು. ಗುಂಪಿನ ಎಲ್ಲರ ಉತ್ತರವೂ ಒಂದೇ ಆದರೆ ಆ ಗುಂಪಿನ ಬಗ್ಗೆ ಗಟ್ಟಿಯಾಗಿ ಮಾತಾಡಬಹುದು. ಉತ್ತರ ಬೆರಕೆಯಾಗಿದ್ದರೆ ಆ ಗುಂಪು ಗಡಿಯಲ್ಲಿ ನಿಲ್ಲುತ್ತದೆ. ಗಟ್ಟಿಯಾಗಿ ಹೇಳಬಹುದಾದ ಸಾಲುಗಳನ್ನು ಒಟ್ಟು ಸಾಲುಗಳಿಂದ ಭಾಗಿಸಿದರೆ ಬರುವುದೇ ನಿಮ್ಮ ಅವಲಂಬನೆಯ ಪ್ರಮಾಣ. ಒಂದೊಂದು ಗುಂಪಿನಲ್ಲೂ ಒಂದೇ ಸಾಲು ಇದ್ದರೆ ಬೆರಕೆ ಆಗುವುದಾದರೂ ಹೇಗೆ, ಅಲ್ವಾ?

ಹಾಗಾಗಿ ಅಂಕಿಗಳನ್ನು ಮೊದಲು ಕತ್ತರಿಸಬೇಕು. ಈ ವಿಧಾನಕ್ಕೆ 3,120 ಮತ್ತು 3,121 ಹತ್ತಿರದ ಅಂಕಿಗಳು ಅಂತ ಗೊತ್ತಾಗುವುದಿಲ್ಲ, ಬೇರೆ ಅಂದರೆ ಬೇರೆ. ಎಲ್ಲಿ ಕತ್ತರಿಸಬೇಕು ಅನ್ನುವುದನ್ನು ಮಾತ್ರ ಕಂಪ್ಯೂಟರಿಗೆ ಬಿಡಬೇಡಿ. ಮಳೆಯನ್ನು ಸಮ ಅಗಲದ ಮೂರು ಭಾಗ ಮಾಡಿದರೆ ನಿಮ್ಮ ಫೈಲಿನಲ್ಲಿ ಏನಾಗುತ್ತದೆ ನೋಡಿ. 2018 ಒಂದೇ ಮೇಲಿನ ಭಾಗಕ್ಕೆ ಹೋಗಿ ಕೂರಬಹುದು, ಉಳಿದ ವರ್ಷಗಳೆಲ್ಲ ಕೆಳಗೆ ಒಂದೇ ಗುಡ್ಡೆ ಆಗಬಹುದು. ಆ ಆಗಸ್ಟ್‌ನ ಮಳೆಗೆ ನಿಮ್ಮ ಮಾದಾಪುರ, ಮಕ್ಕಂದೂರು ಕಡೆ ಗುಡ್ಡಗಳೇ ಕುಸಿದದ್ದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಒಂದು ವರ್ಷದ ಮಳೆ ಎಲ್ಲ ವರ್ಷದ ಅಳತೆಗೋಲನ್ನೂ ಎಳೆದುಬಿಡುತ್ತದೆ. ಅದಕ್ಕಿಂತ ಅಜ್ಜನನ್ನೇ ಕೇಳಿ: ಎಷ್ಟು ಇಂಚಿಗೆ ಅವರು 'ಈ ವರ್ಷ ಮಳೆ ಜಾಸ್ತಿ' ಅನ್ನುತ್ತಾರೆ? ಹೂಮಳೆ ಎಷ್ಟು ಬಂದರೆ 'ಸಾಕು' ಅನ್ನುತ್ತಾರೆ? ಅಲ್ಲೇ ಗೆರೆ ಎಳೆಯಿರಿ. ಅದಕ್ಕೆ ಅರ್ಥ ಇರುತ್ತದೆ.

ಮಾದಾಪುರ_ಕಾಫಿ

ಹೌದು ಅಣ್ಣ, ಡಬ್ಬ ಒಂದೇ, ಕಣದ ಮೂಲೆಯಲ್ಲಿದೆ. ನಾನು ಅದನ್ನು ಯೋಚನೆಯೇ ಮಾಡಿರಲಿಲ್ಲ. ಈಗ ಎತ್ತರವನ್ನು ಮೇಲಿನ ತೋಟ, ಕೆಳಗಿನ ತೋಟ ಅಂತ ಎರಡೇ ಮಾಡಿದೆ (ಮನೆಯಲ್ಲಿ ಹಾಗೇ ಕರೆಯುವುದು). ಮಳೆ, ಹೂಮಳೆ, ವಯಸ್ಸು ಎಲ್ಲಕ್ಕೂ ಅಜ್ಜ ಹೇಳಿದಲ್ಲಿ ಗೆರೆ ಎಳೆದೆ.

ಪೂರ್ತಿ ಫೈಲಿಗೆ ಹೋಗುವ ಮೊದಲು 15 ಸಾಲು ಮಾತ್ರ ಹಾಕಿ ನೋಡಿದೆ. ಈಗ ಮೂರು ರಿಡಕ್ಟ್ ಬರುತ್ತಿವೆ, ಕೋರ್ ಖಾಲಿ! ಕೋರ್ ಅಂದರೆ ತುಂಬ ಮುಖ್ಯವಾದ ಕಾಲಂಗಳು ಅಂತ ಓದಿದ್ದೆ. ಖಾಲಿ ಅಂದರೆ ಯಾವ ಕಾಲಂ ಕೂಡ ಮುಖ್ಯ ಅಲ್ಲ ಅಂತಲಾ? ಮತ್ತೆ ಗೊಂದಲ ಶುರುವಾಯಿತು.

ಕುಶಾಲನಗರದ_ಮೇಷ್ಟ್ರು

ಕೋರ್ ಖಾಲಿ ಬಂದರೆ ಹೆದರಬೇಡಮ್ಮ. ಈ ಜಾಗದಲ್ಲಿ ಹೆಚ್ಚಿನವರು ಎಡವುತ್ತಾರೆ, ಅದಕ್ಕೆ ನಿಧಾನವಾಗಿ ಹೇಳುತ್ತೇನೆ. ಕಾಗದ ಪೆನ್ನು ಹಿಡಿದುಕೋ. ನಿನ್ನ ತೋಟದ ಥರದ್ದೇ ಆರು ಬ್ಲಾಕ್, ನಾಲ್ಕೇ ಕಾಲಂ. ನೆರಳು, ದಿಕ್ಕು, ಗಿಡ, ಟ್ರೇಸಿಂಗ್, ಕೊನೆಯದು ಬೋರರ್.

1: ತೆಳು, ಪಶ್ಚಿಮ, ಹಳೆ, ತಡ. ಬೋರರ್ ಜಾಸ್ತಿ.
2: ತೆಳು, ಪೂರ್ವ, ಹಳೆ, ಸಮಯಕ್ಕೆ. ಬೋರರ್ ಕಮ್ಮಿ.
3: ದಟ್ಟ, ಪಶ್ಚಿಮ, ಎಳೆ, ತಡ. ಬೋರರ್ ಕಮ್ಮಿ.
4: ತೆಳು, ಪಶ್ಚಿಮ, ಎಳೆ, ಸಮಯಕ್ಕೆ. ಬೋರರ್ ಜಾಸ್ತಿ.
5: ದಟ್ಟ, ಪೂರ್ವ, ಹಳೆ, ತಡ. ಬೋರರ್ ಕಮ್ಮಿ.
6: ತೆಳು, ಪೂರ್ವ, ಹಳೆ, ಸಮಯಕ್ಕೆ. ಬೋರರ್ ಜಾಸ್ತಿ.

2 ಮತ್ತು 6 ನೋಡು. ನಾಲ್ಕು ಕಾಲಂನಲ್ಲೂ ಅಚ್ಚು ಒತ್ತಿದ ಹಾಗೆ ಒಂದೇ, ಉತ್ತರ ಮಾತ್ರ ಬೇರೆ. ಇವೆರಡೂ ಗಡಿಯಲ್ಲಿವೆ. ಉಳಿದ 1, 3, 4, 5 ಗಟ್ಟಿ. ಅವಲಂಬನೆ 6ರಲ್ಲಿ 4. 'ಬೋರರ್ ಜಾಸ್ತಿ' ಅಂತ ಖಂಡಿತ ಹೇಳಬಹುದಾದವು 1 ಮತ್ತು 4, ಅದು ಕೆಳ ಅಂದಾಜು. ಇರಬಹುದು ಅನ್ನಬಹುದಾದವು 1, 4, 2, 6, ಅದು ಮೇಲಂದಾಜು. ಎಷ್ಟೇ ಒದ್ದಾಡಿದರೂ ಈ ನಾಲ್ಕು ಕಾಲಂ ಇಟ್ಟುಕೊಂಡು 6ರಲ್ಲಿ 4ಕ್ಕಿಂತ ಮೇಲೆ ಹೋಗಲು ಆಗುವುದಿಲ್ಲ. ಈಗ ಪ್ರಶ್ನೆ ಏನೆಂದರೆ, ಎಷ್ಟು ಕಮ್ಮಿ ಕಾಲಂ ಇಟ್ಟುಕೊಂಡು ಇದೇ 6ರಲ್ಲಿ 4 ಉಳಿಸಿಕೊಳ್ಳಬಹುದು?

ಒಂದೊಂದೇ ನೋಡು. ನೆರಳು ಒಂದೇ ಇಟ್ಟರೆ, ದಟ್ಟ ನೆರಳಿನ 3 ಮತ್ತು 5 ಎರಡೂ ಕಮ್ಮಿ, ಗಟ್ಟಿ. ತೆಳು ನೆರಳಿನವು ಬೆರಕೆ. 6ರಲ್ಲಿ 2. ದಿಕ್ಕು ಒಂದೇ ಇಟ್ಟರೆ ಪಶ್ಚಿಮವೂ ಬೆರಕೆ, ಪೂರ್ವವೂ ಬೆರಕೆ, ಸೊನ್ನೆ. ಗಿಡ ಒಂದೇ, ಸೊನ್ನೆ. ಟ್ರೇಸಿಂಗ್ ಒಂದೇ, ಸೊನ್ನೆ.

ಇಲ್ಲಿಗೆ ನಿಲ್ಲಿಸಿದವರು ದಿಕ್ಕು ಕೆಲಸಕ್ಕೆ ಬಾರದ್ದು ಅಂತ ಕಿತ್ತು ಹಾಕುತ್ತಾರೆ. ಆದರೆ ನೆರಳಿನ ಜೊತೆ ದಿಕ್ಕು ಸೇರಿಸು. ತೆಳು ಮತ್ತು ಪಶ್ಚಿಮ: 1, 4, ಎರಡೂ ಜಾಸ್ತಿ. ದಟ್ಟ ಮತ್ತು ಪಶ್ಚಿಮ: 3. ದಟ್ಟ ಮತ್ತು ಪೂರ್ವ: 5. ತೆಳು ಮತ್ತು ಪೂರ್ವ: 2, 6, ಅದು ಮೊದಲೇ ಗಡಿಯಲ್ಲಿ ಇದ್ದದ್ದು. 6ರಲ್ಲಿ 4 ಬಂತು! ಒಂಟಿಯಾಗಿ ಸೊನ್ನೆ ಇದ್ದ ದಿಕ್ಕು, ನೆರಳಿನ ಪಕ್ಕ ನಿಂತಾಗ ಪೂರ್ತಿ ಕೆಲಸ ಮಾಡಿತು. ನನಗೆ ಈ ವಿಧಾನ ಇಷ್ಟವಾಗುವುದೇ ಇಲ್ಲಿ. ಕಾಲಂಗಳನ್ನು ಒಂದೊಂದಾಗಿ ತಕ್ಕಡಿಗೆ ಹಾಕಿ ತೂಗುವ ವಿಧಾನಗಳಿಗೆ ಈ ಜೋಡಿ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ನೆರಳು, ದಿಕ್ಕು ಒಂದು ರಿಡಕ್ಟ್. ಇನ್ನೂ ಎರಡು ಇವೆ, ನೀನೇ ಲೆಕ್ಕ ಹಾಕಿ ನೋಡು: ನೆರಳು, ಗಿಡ, ಟ್ರೇಸಿಂಗ್ ಒಂದು. ದಿಕ್ಕು, ಗಿಡ, ಟ್ರೇಸಿಂಗ್ ಇನ್ನೊಂದು. ಮೂರರಲ್ಲೂ ಇರುವ ಕಾಲಂ ಯಾವುದು? ಯಾವುದೂ ಇಲ್ಲ. ಕೋರ್ ಖಾಲಿ. ಹಾಗಂತ ಯಾವುದೂ ಮುಖ್ಯ ಅಲ್ಲ ಅಂತಲ್ಲ. ಯಾವುದೇ ಒಂದು ಕಾಲಂ ಕಳೆದುಹೋದರೂ ಉಳಿದವು ಸೇರಿ ಅದರ ಜಾಗ ತುಂಬುತ್ತವೆ ಅಂತ ಅರ್ಥ. ಕೋರ್ ಅಂದರೆ ತೆಗೆದರೆ ಬೇರೆ ಯಾರೂ ತುಂಬಲಾಗದ ಕಾಲಂ, ಅಷ್ಟೆ.

ಇನ್ನೊಂದು ಮಾತು. ನಾನು ಮಾಡಿದ ಹಾಗೆ ಸೊನ್ನೆಯಿಂದ ಶುರು ಮಾಡಿ, ಪ್ರತಿ ಸಲ ಅವಲಂಬನೆಯನ್ನು ಅತಿ ಹೆಚ್ಚು ಮಾಡುವ ಕಾಲಂ ಸೇರಿಸುತ್ತಾ ಹೋಗುವುದಕ್ಕೆ ಕ್ವಿಕ್‌ರಿಡಕ್ಟ್ ಅನ್ನುತ್ತಾರೆ. ವೇಗವಾಗಿ ಮುಗಿಯುತ್ತದೆ. ಆದರೆ ಅದು ಕೊಟ್ಟದ್ದೇ ಅತಿ ಚಿಕ್ಕ ರಿಡಕ್ಟ್ ಅಂತ ಭರವಸೆ ಇಲ್ಲ, ಕೆಲವೊಮ್ಮೆ ಬೇಡದ ಒಂದು ಕಾಲಂ ಒಳಗೆ ಉಳಿದುಬಿಡುತ್ತದೆ. ಮುಗಿದ ಮೇಲೆ ಒಂದೊಂದನ್ನೇ ತೆಗೆದು, ಅವಲಂಬನೆ ಇಳಿಯದಿದ್ದರೆ ಬಿಸಾಕು. ಅತಿ ಚಿಕ್ಕದ್ದನ್ನೇ ಹುಡುಕುವುದು ಎನ್‌ಪಿ ಕಠಿಣ ಸಮಸ್ಯೆ (ಕಾಲಂ ತುಂಬ ಹೆಚ್ಚಾದರೆ ಕಂಪ್ಯೂಟರಿಗೂ ಕಷ್ಟ), ಸ್ಕೋವ್ರಾನ್ ಮತ್ತು ರೌಷರ್ 1992ರಲ್ಲೇ ತೋರಿಸಿದ್ದಾರೆ. ಆದರೆ ನಿನ್ನ ಹತ್ತಿರ ಇರುವುದು 12 ಕಾಲಂ. ಎಲ್ಲ ಜೋಡಣೆ ಸೇರಿ 4,096 ಮಾತ್ರ. ಎಲ್ಲವನ್ನೂ ಹಾಕಿ ನೋಡು, ನಿಮಿಷದ ಕೆಲಸ. ಕ್ವಿಕ್‌ರಿಡಕ್ಟ್ ನಿನಗೆ ಬೇಡವೇ ಬೇಡ.

ಕಾಡುಮರ_99

ಇಷ್ಟೆಲ್ಲ ಯಾಕೆ? ರ‍್ಯಾಂಡಂ ಫಾರೆಸ್ಟ್ (ನೂರಾರು ನಿರ್ಧಾರ ವೃಕ್ಷಗಳ ಮತ ಸೇರಿಸುವ ವಿಧಾನ) ಹಾಕಿ, ಯಾವ ಕಾಲಂ ಎಷ್ಟು ಮುಖ್ಯ ಅಂತ ಅದೇ ಪಟ್ಟಿ ಕೊಡುತ್ತದೆ. ಅಂಕಿಗಳನ್ನು ಕತ್ತರಿಸುವ ಗೋಜೂ ಇಲ್ಲ.

ವಿರಾಜಪೇಟೆ_ಬೆಂಗಳೂರು

ಹಾಕಬಹುದು, ನಾನು ಕೆಲಸದಲ್ಲಿ ದಿನಾ ಹಾಕುತ್ತೇನೆ. ಆದರೆ ಎತ್ತರ, ಮಳೆ ಹಾಗೇ ಕೊಟ್ಟರೆ ಅದೂ ಬ್ಲಾಕಿನ ಹೆಸರನ್ನು ಕಲಿತುಕೊಳ್ಳುತ್ತದೆ, ಆ ತೊಂದರೆ ಯಾವ ವಿಧಾನಕ್ಕೂ ತಪ್ಪಿದ್ದಲ್ಲ. ಇನ್ನೊಂದು, ಇವರ ಹತ್ತಿರ ಇರುವುದು 63 ಸಾಲು. ಕೊನೆಗೆ ಇದು ಹೋಗಿ ಸೇರಬೇಕಾದದ್ದು ಮೇಸ್ತ್ರಿಯ ಕಿವಿಗೆ. 'ನೆರಳು ತೆಳು, ಪಶ್ಚಿಮದ ಇಳಿಜಾರು ಇದ್ದರೆ ಮೊದಲು ಅಲ್ಲಿ ಟ್ರೇಸಿಂಗ್ ಮಾಡಿ' ಅಂದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ. 0.23 ಮುಖ್ಯ ಅಂದರೆ ಏನು ಮಾಡಬೇಕು ಅವರು? ರಫ್ ಸೆಟ್‌ನಲ್ಲಿ ಪ್ರತಿ ಗುಂಪೂ ನೇರವಾಗಿ ಒಂದು ವಾಕ್ಯ ಆಗುತ್ತದೆ.

ಶನಿವಾರಸಂತೆ_ಬೆಳೆಗಾರ

ನನಗೆ ಈ ಕಂಪ್ಯೂಟರ್ ಲೆಕ್ಕ ಗೊತ್ತಿಲ್ಲ, ಮಗ ತೋರಿಸಿದ ಅಂತ ಓದಿದೆ. ಮೇಷ್ಟ್ರು ಬರೆದ ಆರು ಬ್ಲಾಕಿನ ಲೆಕ್ಕವನ್ನು ಊಟ ಆದ ಮೇಲೆ ಕೂತು ಬೆರಳು ಮಡಚಿ ಹಾಕಿದೆ, ಸರಿ ಬಂತು. ಆದರೆ ನನ್ನ ಮನಸ್ಸು ನಿಂತದ್ದು 2 ಮತ್ತು 6ರ ಮೇಲೆ. ಎಲ್ಲ ಒಂದೇ ಥರ, ಒಂದರಲ್ಲಿ ಬೋರರ್ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ. ನೀವು ಅದನ್ನು ಗಡಿ ಅಂತ ಬಿಟ್ಟುಬಿಟ್ಟಿರಿ. ತೋಟದವನು ಬಿಡುವುದಿಲ್ಲ. ಅಂಥ ಎರಡು ಬ್ಲಾಕ್ ಇದ್ದರೆ ನಾನು ಕತ್ತಿ ಹಿಡಿದು ಹೋಗಿ ನೋಡುತ್ತೇನೆ, ರಿಜಿಸ್ಟರಿನಲ್ಲಿ ಬರೆಯದ ಏನೋ ಒಂದು ಅಲ್ಲಿ ಇದ್ದೇ ಇರುತ್ತದೆ.

ಏನೇನು ಇರಬಹುದು ಹೇಳುತ್ತೇನೆ ತಂಗಿ, ನಿನಗೆ ಉಪಯೋಗಕ್ಕೆ ಬಂದರೆ ಬರಲಿ. ನೆರಳು ಅಂತ ಬರೆದಿರುತ್ತೀಯ, ಯಾವ ಮರದ ನೆರಳು? ಸಿಲ್ವರ್ ಓಕ್ ಸಾಲಿನ ಕೆಳಗೆ ನಿಂತು ಮೇಲೆ ನೋಡು, ಅತ್ತಿ ಮರದ ಕೆಳಗೆ ನಿಂತು ಮೇಲೆ ನೋಡು. ಎರಡೂ ನೆರಳೇ, ಆದರೆ ಕಾಂಡದ ಮೇಲೆ ಬೀಳುವ ಬಿಸಿಲು ಬೇರೆ. ಹಾಲುವಾಣ ಇರುವ ಕಡೆ ಎಲೆ ಉದುರುವ ಕಾಲ ಬೇರೆ. ಈ ದುಂಬಿ ಹಾರುವುದು ಏಪ್ರಿಲ್, ಮೇ ಒಂದು ಸಲ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು ಸಲ. ಬಿಸಿಲು ಚುರುಕಾಗಿರುವ ಹೊತ್ತಿಗೆ ಓಡಾಡಿ, ತೊಗಟೆ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಆ ಎರಡು ಕಾಲದಲ್ಲಿ ಕಾಂಡಕ್ಕೆ ಬಿಸಿಲು ಬಿತ್ತೋ ಇಲ್ಲವೋ ಅನ್ನುವುದು ಮುಖ್ಯ. ವರ್ಷಕ್ಕೆಲ್ಲ ಸೇರಿಸಿ 'ತೆಳು' ಅಂತ ಒಂದು ಮಾತು ಬರೆದರೆ ಅದು ಸಿಗುವುದಿಲ್ಲ.

ಇನ್ನೊಂದು, ಬೇಲಿಯ ಆಚೆ ಯಾರ ತೋಟ? ಪಕ್ಕದವರು ಟ್ರೇಸಿಂಗ್ ಮಾಡದೆ, ಬೋರರ್ ಬಿದ್ದ ಗಿಡ ಕಿತ್ತು ಸುಡದೆ ಬಿಟ್ಟಿದ್ದರೆ ನೀನು ಇಲ್ಲಿ ಎಷ್ಟು ಮಾಡಿದರೂ ಬೇಲಿ ಬದಿಯ ಬ್ಲಾಕಿಗೆ ಬಂದೇ ಬರುತ್ತದೆ. ದುಂಬಿಗೆ ಬೇಲಿ ಲೆಕ್ಕ ಇಲ್ಲ.

ಕುಶಾಲನಗರದ_ಮೇಷ್ಟ್ರು

ಸರ್, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಇದನ್ನು ಮೊದಲೇ ಬರೆಯಬೇಕಿತ್ತು. ಕ್ಲಾಸಿನಲ್ಲಿ ಮಕ್ಕಳು ತಾಕಲಾಡುವ ಸಾಲುಗಳನ್ನು ಕೊಳಕು ಡೇಟಾ ಅಂತ ಅಳಿಸಿಬಿಡುತ್ತಾರೆ, ಆಮೇಲೆ ಅವಲಂಬನೆ 1 ಬಂತು ಅಂತ ಖುಷಿ ಪಡುತ್ತಾರೆ. ಪಾವ್ಲಾಕ್ ಮಾಡಿದ ಕೆಲಸದ ಬೆಲೆ ಇರುವುದೇ ಆ ಸಾಲುಗಳನ್ನು ಅಳಿಸದೆ ಒಂದು ಹೆಸರು ಕೊಟ್ಟು ಉಳಿಸಿಕೊಂಡದ್ದರಲ್ಲಿ. ಗಡಿಯ ಸಾಲುಗಳು ಒಂದು ವಿಷಯ ಹೇಳುತ್ತವೆ: ಇರುವ ಕಾಲಂ ಸಾಲದು, ಹೊಸದೊಂದು ಬೇಕು.

ಮಗು, ಬೇಲಿಯ ಕಾಲಂ ಸೇರಿಸು. ಆದರೆ ಒಂದು ಎಚ್ಚರ. ಕಾಲಂ ಸೇರಿಸಿದರೆ ಅವಲಂಬನೆ ಏರುತ್ತದೆ, ಇಲ್ಲವೇ ಇದ್ದಷ್ಟೇ ಇರುತ್ತದೆ. ಇಳಿಯುವುದೇ ಇಲ್ಲ. ನಿನ್ನ ಕ್ಲಾಸಿನವರ ಹುಟ್ಟಿದ ವಾರ ಸೇರಿಸಿದರೂ ಏರಬಹುದು. ಹಾಗಾಗಿ ಏರಿತು ಅನ್ನುವುದೊಂದೇ ಸಾಕ್ಷಿ ಆಗುವುದಿಲ್ಲ. ಎರಡು ಪರೀಕ್ಷೆ ಮಾಡು. ಉತ್ತರದ ಕಾಲಂ ಒಂದನ್ನೇ ಇಸ್ಪೀಟು ಕಲಸಿದ ಹಾಗೆ ಕಲಸು, ಉಳಿದ ಕಾಲಂ ಮುಟ್ಟಬೇಡ. ಆ ಕಲಸಿದ ಫೈಲಿನಲ್ಲಿ ರಿಡಕ್ಟ್ ಹುಡುಕಾಟವನ್ನು ಮೊದಲಿನಿಂದ ಮಾಡು. ಹೀಗೆ ನೂರು ಸಲ. ಕಲಸಿದ ಮೇಲೂ ಅಷ್ಟೇ ಕಾಲಂನಲ್ಲಿ ಕೆಲಸ ಮುಗಿಯುತ್ತಿದ್ದರೆ ನಿನಗೆ ಸಿಕ್ಕ ರಿಡಕ್ಟ್ ಬರೀ ಅದೃಷ್ಟ. ಎರಡನೆಯದು, ಒಂದು ವರ್ಷವನ್ನು ಪೂರ್ತಿ ಪಕ್ಕಕ್ಕಿಟ್ಟು ಉಳಿದ ಆರರಲ್ಲಿ ರಿಡಕ್ಟ್ ಹುಡುಕಿ, ಆ ನಿಯಮಗಳನ್ನು ಪಕ್ಕಕ್ಕಿಟ್ಟ ವರ್ಷಕ್ಕೆ ಹಾಕಿ ನೋಡು. ಸಾಲುಗಳನ್ನು ಗುಡ್ಡೆ ಹಾಕಿ ಅಲ್ಲೊಂದು ಇಲ್ಲೊಂದು ಎತ್ತಿಡಬೇಡ. ಅದೇ ವರ್ಷದ ಅಣ್ಣತಮ್ಮಂದಿರು ಎರಡೂ ಕಡೆ ಉಳಿದುಬಿಡುತ್ತಾರೆ.

10 ಸಾಲಿನ ಗುಂಪಿನಲ್ಲಿ 9 ಜಾಸ್ತಿ, 1 ಕಮ್ಮಿ ಇದ್ದರೂ ಮೂಲ ವಿಧಾನ ಅದನ್ನು ಪೂರ್ತಿ ಗಡಿಗೆ ತಳ್ಳುತ್ತದೆ. ರೈಟರ್ ಒಂದು ದಿನ ತಪ್ಪಿ ಬರೆದರೂ ಸಾಕು. ಅಷ್ಟು ಬಿಗಿ ಬೇಡ ಅನ್ನಿಸಿದರೆ, ಇಷ್ಟರ ಮಟ್ಟಿಗೆ ತಪ್ಪು ಇದ್ದರೂ ಗಟ್ಟಿ ಅಂತ ಒಪ್ಪುವ ರೂಪ ಇದೆ, ಜಿಯಾರ್ಕೋ 1993ರಲ್ಲಿ ಕೊಟ್ಟದ್ದು. ಅಂಕಿ ಕತ್ತರಿಸದೆ ಹಾಗೇ ಬಳಸಬೇಕು ಅಂದರೆ ಫಜ್ಜಿ ರಫ್ ಸೆಟ್ ಇದೆ. ಆರ್ ಭಾಷೆಯಲ್ಲಿ ರಫ್‌ಸೆಟ್ಸ್ ಅನ್ನುವ ಪ್ಯಾಕೇಜಿನಲ್ಲಿ ಮೂಲ ವಿಧಾನವೂ ಫಜ್ಜಿ ರೂಪವೂ ಇವೆ. ಈ ಪ್ರಾಜೆಕ್ಟ್‌ಗೆ ಮೂಲ ವಿಧಾನವೇ ಸಾಕು.

ಮಾದಾಪುರ_ಕಾಫಿ

ಎಲ್ಲರಿಗೂ ತುಂಬ ಧನ್ಯವಾದ. ಮೂರು ವಾರ ಆಯಿತು, ಈಗ ಬರೆಯುತ್ತಿದ್ದೇನೆ. ಆಗಿದ್ದೆಲ್ಲ ಹೇಳುತ್ತೇನೆ.

ಪೂರ್ತಿ 63 ಸಾಲು, ಕತ್ತರಿಸಿದ 12 ಕಾಲಂ. ಅವಲಂಬನೆ 63ರಲ್ಲಿ 51, ಅಂದರೆ ಸುಮಾರು 0.81. ಮೊದಲು 1 ಇದ್ದದ್ದು 0.81 ಆಯಿತು ಅಂತ ಬೇಜಾರಾಗಲಿಲ್ಲ, ಈಗ ಈ ಅಂಕಿ ನನ್ನ ತೋಟದ್ದು ಅನ್ನಿಸುತ್ತಿದೆ. 4,096 ಜೋಡಣೆ ಎಲ್ಲವನ್ನೂ ಹಾಕಿದೆ. ನಾಲ್ಕು ರಿಡಕ್ಟ್ ಬಂದವು. ನಾಲ್ಕರಲ್ಲೂ ನೆರಳು ಇದೆ! ಕೋರ್‌ನಲ್ಲಿ ಇರುವುದು ಅದೊಂದೇ. ಓಡಿ ಹೋಗಿ ಅಜ್ಜನಿಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಮ್ಮನಿಗೆ ಕಾಫಿ ಇಡಲು ಹೇಳಿದರು, ನನಗೂ ಸೇರಿಸಿ.

ಅತಿ ಚಿಕ್ಕದ್ದರಲ್ಲಿ ನಾಲ್ಕು ಕಾಲಂ: ನೆರಳು, ದಿಕ್ಕು, ಟ್ರೇಸಿಂಗ್, ಗಿಡದ ವಯಸ್ಸು. ಅದಕ್ಕೆ ಸಮನಾಗಿ ನಾಲ್ಕೇ ಕಾಲಂನ ಇನ್ನೊಂದೂ ಇತ್ತು, ಅದರಲ್ಲಿ ವಯಸ್ಸಿನ ಬದಲು ಹೂಮಳೆ. ನಾನು ವಯಸ್ಸು ಇರುವುದನ್ನೇ ಆರಿಸಿಕೊಂಡೆ. ಆ ನಾಲ್ಕನ್ನೂ ಬ್ಲಾಕಿನಲ್ಲಿ ನಡೆದುಕೊಂಡು ಹೋದರೆ ಯಾರು ಬೇಕಾದರೂ ನೋಡಿ ಹೇಳಬಹುದು, ಹೂಮಳೆಗೆ ಕಾಯಬೇಕಾಗಿಲ್ಲ. ಕಲಸುವ ಪರೀಕ್ಷೆಯನ್ನೂ ಮಾಡಿದೆ ಸರ್. ಕಲಸಿದ ಫೈಲುಗಳಲ್ಲಿ ಹೆಚ್ಚಿನ ಸಲ 7 ಅಥವಾ 8 ಕಾಲಂ ಬೇಕಾಯಿತು, ನಾಲ್ಕರಲ್ಲಿ ಒಂದು ಸಲವೂ ಮುಗಿಯಲಿಲ್ಲ.

ವರ್ಷ ಪಕ್ಕಕ್ಕಿಡುವ ಪರೀಕ್ಷೆಯಲ್ಲಿ ಆರು ವರ್ಷ ಚೆನ್ನಾಗಿ ಬಂತು. 2018 ಮಾತ್ರ ಕೈಕೊಟ್ಟಿತು, ಒಂಬತ್ತರಲ್ಲಿ ಐದು ಬ್ಲಾಕ್ ತಪ್ಪು. ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಆ ವರ್ಷದ ರಿಜಿಸ್ಟರ್ ತೆಗೆದು ನೋಡಿದೆ. ಆಗಸ್ಟ್ ಹದಿನೈದರ ಆಸುಪಾಸಿನಿಂದ ಪುಟಗಳೆಲ್ಲ ಖಾಲಿ. ಸೆಪ್ಟೆಂಬರ್ ಪುಟದಲ್ಲಿ ರೈಟರ್ ಕೈಬರಹದಲ್ಲಿ ಒಂದೇ ಸಾಲು ಇದೆ, 'ಮೇಲಿನ ತೋಟಕ್ಕೆ ದಾರಿ ಇಲ್ಲ.' ಟ್ರೇಸಿಂಗ್ ಕಾಲಂನಲ್ಲಿ ನಾನು ಆ ವರ್ಷಕ್ಕೆ 'ತಡ' ಅಂತ ಹಾಕಿದ್ದೆ, ಯಾಕೆಂದರೆ ನನ್ನ ಹತ್ತಿರ ಇದ್ದದ್ದು 'ಸಮಯಕ್ಕೆ', 'ತಡ' ಎರಡೇ ಮಾತು. ಆಗಿಯೇ ಇಲ್ಲ ಅನ್ನುವುದಕ್ಕೆ ಜಾಗವೇ ಇಟ್ಟಿರಲಿಲ್ಲ. ಈಗ 'ಆಗಿಲ್ಲ' ಅಂತ ಮೂರನೆಯದು ಸೇರಿಸಿದ್ದೇನೆ.

ಇನ್ನು ಗಡಿಯ 12 ಸಾಲು. ಬೆಳೆಗಾರರು ಹೇಳಿದ ಮೇಲೆ ಅವುಗಳ ಪಟ್ಟಿ ಬರೆದುಕೊಂಡು ಮೇಸ್ತ್ರಿ ಜೊತೆ ನಡೆದೇ ಹೋದೆ. 12ರಲ್ಲಿ 5 ಸಾಲು ಒಂದೇ ಬ್ಲಾಕಿನವು, ಕೆಳಗಿನ ಹೊಳೆ ಬದಿಯದ್ದು. ಅದೇ ಥರದ ಬೇರೆ ಬ್ಲಾಕುಗಳಲ್ಲಿ ಬೋರರ್ ಕಮ್ಮಿ, ಇಲ್ಲಿ ಮಾತ್ರ ಜಾಸ್ತಿ. ಬೇಲಿ ಆಚೆ ನೋಡಿದರೆ ಪಾಳು ಬಿದ್ದ ಅರೇಬಿಕಾ. ಎಲೆ ಹಳದಿ, ಮೇಸ್ತ್ರಿ ಒಂದು ಗಿಡದ ಕಾಂಡಕ್ಕೆ ಬೆರಳು ಇಟ್ಟು ತೋರಿಸಿದರು, ತೊಗಟೆ ಕೆಳಗೆ ಉಬ್ಬಿದ ಗೆರೆ ಉಂಗುರದ ಹಾಗೆ ಸುತ್ತಿಕೊಂಡಿತ್ತು. ಕೈಯಿಂದ ಸ್ವಲ್ಪ ಬಗ್ಗಿಸಿದ್ದಕ್ಕೇ ಗಿಡ ಮುರಿಯಿತು, ಒಳಗೆಲ್ಲ ಪುಡಿ ತುಂಬಿದ ಸುರಂಗ. ಏಳು ವರ್ಷದಿಂದ ಆ ಬ್ಲಾಕಿಗೆ ಸುಣ್ಣ, ಟ್ರೇಸಿಂಗ್ ಎಲ್ಲ ಮಾಡಿದ್ದಾರೆ, ರಿಜಿಸ್ಟರಿನಲ್ಲಿ ಎಲ್ಲ ಇದೆ, ಬೇಲಿಯ ವಿಷಯ ಮಾತ್ರ ಇಲ್ಲ.

ಒಂದು ಕೇಳಬೇಕು. ಬೇಲಿಯ ಕಾಲಂ ಸೇರಿಸಿದರೆ ಅದು ಒಂದೇ ಬ್ಲಾಕಿಗೆ 'ಹೌದು' ಬರುತ್ತದೆ, ಉಳಿದ ಎಂಟಕ್ಕೂ 'ಇಲ್ಲ'. ಮತ್ತೆ ಅದು ಬ್ಲಾಕಿನ ಹೆಸರೇ ಆಗಿಹೋಯಿತಲ್ಲವಾ?

ವಿರಾಜಪೇಟೆ_ಬೆಂಗಳೂರು

ಈ ಪ್ರಶ್ನೆ ನಿಮಗೇ ಹೊಳೆಯಿತು ನೋಡಿ, ತುಂಬ ಸಂತೋಷ ಆಯಿತು. ಹೌದು, ಹಾಗೇ ಆಗುತ್ತದೆ. ನಿಮ್ಮ ಒಂದು ತೋಟದ ಡೇಟಾದಲ್ಲಿ ಬೇಲಿಯನ್ನೂ ಆ ಬ್ಲಾಕನ್ನೂ ಬೇರೆ ಮಾಡಿ ನೋಡಲು ಆಗುವುದಿಲ್ಲ. ಅಲ್ಲಿನ ಮಣ್ಣು, ಹೊಳೆ ಏನು ಬೇಕಾದರೂ ಕಾರಣ ಇರಬಹುದು. ಸದ್ಯಕ್ಕೆ ಆ ಕಾಲಂ ಸೇರಿಸಬೇಡಿ. ಅವಲಂಬನೆ 0.81 ಅಂತಲೇ ಬರೆಯಿರಿ, ಗಡಿಯ ಸಾಲುಗಳಲ್ಲಿ ನೋಡಿದ್ದನ್ನು ಫೋಟೋ ಸಮೇತ ಬೇರೆ ಅಧ್ಯಾಯದಲ್ಲಿ ಹಾಕಿ. ಬೇಲಿಯ ಮಾತು ನಿಜವೋ ಅಂತ ನೋಡಲು ಪಾಳು ತೋಟದ ಪಕ್ಕ ಇರುವ ಬೇರೆಯವರ ಬ್ಲಾಕುಗಳು ಬೇಕು.

ಶನಿವಾರಸಂತೆ_ಬೆಳೆಗಾರ

ಅಂಥವು ನನ್ನ ಹತ್ತಿರ ಎರಡು ಇವೆ ತಂಗಿ, ಎರಡೂ ಅರೇಬಿಕಾ, ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ನಮ್ಮ ರಿಜಿಸ್ಟರ್ 2012ರಿಂದ ಇದೆ. ಮಳೆ ಎಲ್ಲ ಇಂಚು, ಸೆಂಟ್‌ನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದದ್ದು, ನೀನೇ ಕತ್ತರಿಸಿಕೋ. ಮಾರ್ಚ್‌ನಲ್ಲಿ ಟ್ರೇಸಿಂಗ್ ಶುರುವಾಗುವ ಮೊದಲೇ ಬಂದರೆ ಗಿಡ ಕೀಳುವ ಮುಂಚೆ ಎಣಿಸಬಹುದು. ಅಜ್ಜನನ್ನೂ ಕರೆದುಕೊಂಡು ಬಾ.